ನಾರ್ವೆಗೆ ಇನ್ನೂ ಯಾಕೆ ರಾಜ ಬೇಕು?

ನಾರ್ವೆಯ ಸಂವಿಧಾನವನ್ನು ಮೊದಲ ಸಲ ಓದುವವರಿಗೆ ಗೊಂದಲ ಆಗದೆ ಇರುವುದಿಲ್ಲ. ದೇಶ ನಡೆಸುವ ಅಧಿಕಾರ ರಾಜನಿಗೆ ಸೇರಿದ್ದು ಎಂದು ಅದರ 3ನೇ ಕಲಂ ನೇರವಾಗಿ ಹೇಳುತ್ತದೆ. 1814ರ ಮೇ 17ರಂದು ಐಡ್ಸ್‌ವೋಲ್ ಎಂಬ ಊರಿನಲ್ಲಿ ಒಪ್ಪಿಕೊಂಡ ಸಂವಿಧಾನ ಅದು, ಎಷ್ಟೋ ತಿದ್ದುಪಡಿ ಕಂಡರೂ ಈಗಲೂ ಅದೇ ಜಾರಿಯಲ್ಲಿದೆ. ಪ್ರತಿ ಶುಕ್ರವಾರ ಓಸ್ಲೋದ ಅರಮನೆಯಲ್ಲಿ ಪ್ರಧಾನಿ ಮತ್ತು ಮಂತ್ರಿಗಳು ಸೇರುತ್ತಾರೆ. ರಾಜರದೇ ಅಧ್ಯಕ್ಷತೆ. ಕಡತಗಳು ಬರುತ್ತವೆ, ರಾಜ ಸಹಿ ಹಾಕುತ್ತಾರೆ, ಪಕ್ಕದಲ್ಲಿ ಪ್ರಧಾನಿಯ ಸಹಿಯೂ ಬೀಳುತ್ತದೆ. ಆದರೆ ಆ ಕಡತಗಳಲ್ಲಿ ಏನಿರಬೇಕು ಎನ್ನುವುದನ್ನು ತೀರ್ಮಾನಿಸುವುದು ಜನ ಆರಿಸಿದ ಸಂಸತ್ತು ಮತ್ತು ಅದರ ಬೆಂಬಲದ ಸರ್ಕಾರ. ಅಂದಮೇಲೆ ಆ ರಾಜರ ಕೆಲಸ ಏನು?

ಈ ಪ್ರಶ್ನೆ ಕೇಳಿದಾಗ ಸಾಮಾನ್ಯವಾಗಿ ಸಿಗುವ ಉತ್ತರಗಳು ನನಗೆ ಯಾವತ್ತೂ ಸಾಕಾಗಿಲ್ಲ. ಪ್ರವಾಸಿಗರು ಬರುತ್ತಾರೆ ಅನ್ನುತ್ತಾರೆ. ಸಂಪ್ರದಾಯ ಅನ್ನುತ್ತಾರೆ. ದೇಶದ ಒಗ್ಗಟ್ಟಿನ ಸಂಕೇತ ಅನ್ನುತ್ತಾರೆ, ಇದು ಕೇಳಲು ಚೆನ್ನಾಗಿದೆ, ಆದರೆ ಧ್ವಜವೂ ಸಂಕೇತವೇ, ರಾಷ್ಟ್ರಗೀತೆಯೂ ಸಂಕೇತವೇ, ಅದಕ್ಕಾಗಿ ಒಂದು ಮನೆತನವನ್ನು ತಲೆಮಾರುಗಟ್ಟಲೆ ಅರಮನೆಯಲ್ಲಿ ಕೂರಿಸಬೇಕಾ? ಅದರಲ್ಲೂ ನಾರ್ವೆಯಂಥ ದೇಶ. 1821ರಲ್ಲೇ ಶ್ರೀಮಂತ ಮನೆತನಗಳ ಬಿರುದುಗಳನ್ನು ಕಾನೂನು ಮಾಡಿ ತೆಗೆದುಹಾಕಿದ ದೇಶ ಅದು. ಬಿರುದು ಬೇಡ, ಜಹಗೀರು ಬೇಡ, ಆದರೆ ರಾಜ ಮಾತ್ರ ಇರಲಿ ಅಂದರೆ ಏನರ್ಥ?

ನನಗೆ ಒಪ್ಪಿಗೆಯಾದ ಉತ್ತರ ಸಿಕ್ಕಿದ್ದು 1940ರ ವಸಂತದಲ್ಲಿ ನಡೆದ ಘಟನೆಗಳನ್ನು ಓದುವಾಗ. ಅದಕ್ಕೆ ಹೋಗುವ ಮುಂಚೆ 1905 ನೋಡಲೇಬೇಕು, ಯಾಕೆಂದರೆ ಅದಿಲ್ಲದೆ ಇದು ಅರ್ಥವಾಗುವುದಿಲ್ಲ.

1814ರಿಂದ ನಾರ್ವೆ ಮತ್ತು ಸ್ವೀಡನ್ ಎರಡಕ್ಕೂ ಒಬ್ಬನೇ ರಾಜ. ಸಂವಿಧಾನ ಬೇರೆ, ಸಂಸತ್ತು ಬೇರೆ, ರಾಜ ಮಾತ್ರ ಸ್ಟಾಕ್‌ಹೋಮ್‌ನಲ್ಲಿ. ವಿದೇಶಾಂಗ ವ್ಯವಹಾರವೂ ಸ್ವೀಡನ್ನಿನ ಕೈಯಲ್ಲಿ. ನಾರ್ವೆಗೆ ಹಡಗುಗಳ ದೊಡ್ಡ ವ್ಯಾಪಾರ ಇತ್ತು, ಹೊರದೇಶದ ಬಂದರುಗಳಲ್ಲಿ ತಮ್ಮದೇ ಪ್ರತಿನಿಧಿಗಳು ಇರಬೇಕು ಎಂದು ಸಂಸತ್ತು, ಅಂದರೆ ಸ್ಟೋರ್ಟಿಂಗ್, ಕಾನೂನು ಮಾಡಿತು. ರಾಜ ಎರಡನೇ ಆಸ್ಕರ್ ಅಂಗೀಕಾರ ಕೊಡಲಿಲ್ಲ. ನಾರ್ವೆಯ ಮಂತ್ರಿಗಳೆಲ್ಲ ರಾಜೀನಾಮೆ ಕೊಟ್ಟರು. ಬೇರೆ ಸರ್ಕಾರ ರಚಿಸಲು ಈಗ ಆಗುವುದಿಲ್ಲ ಎಂದರು ರಾಜ. ಸ್ಟೋರ್ಟಿಂಗ್ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ಸರ್ಕಾರ ಕೊಡಲಾಗದ ರಾಜ ರಾಜನಾಗಿ ಕೆಲಸ ಮಾಡುತ್ತಿಲ್ಲ, ಆದ್ದರಿಂದ ಒಬ್ಬ ರಾಜನ ಕೆಳಗಿನ ಒಕ್ಕೂಟವೂ ಮುಗಿಯಿತು ಎಂದು 1905ರ ಜೂನ್ 7ರಂದು ನಿರ್ಣಯ ಮಾಡಿತು. ಗುಂಡು ಹಾರಲಿಲ್ಲ. ಆಗಸ್ಟ್‌ನಲ್ಲಿ ಜನರ ಮುಂದೆ ಇಟ್ಟಾಗ ಬೇರೆಯಾಗಲು ಒಪ್ಪಿದವರು 3,68,208, ಬೇಡ ಎಂದವರು ಬರೀ 184. ಹೆಂಗಸರಿಗೆ ಆಗ ಮತ ಇರಲಿಲ್ಲ. ಅವರು ಸುಮ್ನೆ ಕೂರಲಿಲ್ಲ, ಎರಡು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಸಂಸತ್ತಿಗೆ ಕೊಟ್ಟರು.

ಈಗ ಹೊಸ ದೇಶ. ರಾಜ ಬೇಕೋ ಬೇಡವೋ? ಗಣರಾಜ್ಯ ಬೇಕೆನ್ನುವವರು ಆಗ ಕಡಿಮೆಯೇನೂ ಇರಲಿಲ್ಲ. ಆದರೆ ಪ್ರಧಾನಿ ಕ್ರಿಸ್ಟಿಯನ್ ಮಿಕೆಲ್ಸನ್ ಅವರ ಲೆಕ್ಕ ಬೇರೆ. ಸುತ್ತಲಿನ ದೊಡ್ಡ ದೇಶಗಳಲ್ಲೆಲ್ಲ ರಾಜರಿದ್ದಾರೆ, ಅವರು ನಮ್ಮನ್ನು ಬೇಗ ಒಪ್ಪಬೇಕಾದರೆ ನಮಗೂ ಒಬ್ಬ ರಾಜ ಇರುವುದು ಒಳ್ಳೆಯದು. ಡೆನ್ಮಾರ್ಕಿನ ರಾಜಕುಮಾರ ಕಾರ್ಲ್ ಅವರನ್ನು ಕೇಳಿದರು. ನೌಕಾಪಡೆಯ ಅಧಿಕಾರಿ, ಹೆಂಡತಿ ಮಾಡ್ ಇಂಗ್ಲೆಂಡಿನ ರಾಜ ಏಳನೇ ಎಡ್ವರ್ಡ್ ಅವರ ಮಗಳು, ಮನೆಯಲ್ಲಿ ಎರಡು ವರ್ಷದ ಗಂಡು ಮಗು. ಎಲ್ಲ ಹೊಂದಿಕೆಯಾಗುತ್ತಿತ್ತು. ಸಂಸತ್ತು ಆರಿಸುತ್ತದೆ, ಬನ್ನಿ ಅಂದರು.

ಕಾರ್ಲ್ ಒಪ್ಪಲಿಲ್ಲ. ಜನರನ್ನು ಮೊದಲು ಕೇಳಿ, ಅವರು ಒಪ್ಪಿದರೆ ಬರುತ್ತೇನೆ ಎಂದರು.

ಇದು ನನಗೆ ತುಂಬ ದೊಡ್ಡ ವಿಷಯವಾಗಿ ಕಾಣುತ್ತದೆ. ಸಿಂಹಾಸನ ತಾನಾಗಿ ಬರುತ್ತಿರುವಾಗ, ಸೋಲುವ ಸಾಧ್ಯತೆಯೂ ಇರುವ ಒಂದು ಮತದಾನವನ್ನು ತಾನೇ ಕೇಳಿ ಪಡೆಯುವುದು. ಧ್ರುವ ಪ್ರದೇಶದ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ ಅವರೇ ಕೋಪನ್‌ಹೇಗನ್‌ಗೆ ಹೋಗಿ ಮನವೊಲಿಸಲು ನೋಡಿದರು. ಮಿಕೆಲ್ಸನ್ ಅವರಿಗೆ ಕೆಲಸ ಬೇಗ ಮುಗಿಯಬೇಕಿತ್ತು. ಕಾರ್ಲ್ ಜಗ್ಗಲಿಲ್ಲ. ನವೆಂಬರ್ 12 ಮತ್ತು 13ರಂದು ಮತದಾನ ಆಯಿತು. ಬರಲಿ ಎಂದವರು 2,59,563, ಬೇಡ ಎಂದವರು 69,264. ಅಂದರೆ ಐದರಲ್ಲಿ ಒಬ್ಬರು ಬೇಡ ಎಂದಿದ್ದಾರೆ, ಅದೂ ದಾಖಲೆಯಲ್ಲಿದೆ. ನವೆಂಬರ್ 18ರಂದು ಸಂಸತ್ತು ಅವರನ್ನು ಆರಿಸಿತು. ನಾರ್ವೆಯ ಹಳೆಯ ರಾಜರ ಹೆಸರಾದ ಹೋಕನ್ ಎಂಬುದನ್ನು ಅವರು ಇಟ್ಟುಕೊಂಡರು, ಏಳನೇ ಹೋಕನ್ ಆದರು. ಅಲೆಕ್ಸಾಂಡರ್ ಎಂದಿದ್ದ ಮಗುವಿನ ಹೆಸರು ಓಲಾವ್ ಆಯಿತು.

ಹೀಗೆ ಬಂದ ರಾಜರಿಗೆ ತಮ್ಮ ಕುರ್ಚಿ ಯಾರು ಕೊಟ್ಟದ್ದು ಎನ್ನುವುದು ಕೊನೆಯತನಕ ಮರೆಯಲಿಲ್ಲ. 1928ರಲ್ಲಿ ಅದು ಗೊತ್ತಾಯಿತು. ಹಿಂದಿನ ವರ್ಷದ ಚುನಾವಣೆಯಲ್ಲಿ ಲೇಬರ್ ಪಕ್ಷ ಸಂಸತ್ತಿನ ಅತಿ ದೊಡ್ಡ ಪಕ್ಷವಾಗಿತ್ತು. ಆಗಿನ ಲೇಬರ್ ಪಕ್ಷ ಅಂದರೆ ಕ್ರಾಂತಿಯ ಮಾತಾಡುವ ಪಕ್ಷ, ರಷ್ಯಾದಲ್ಲಿ ರಾಜಮನೆತನಕ್ಕೆ ಏನಾಯಿತು ಎನ್ನುವುದು ಎಲ್ಲರಿಗೂ ನೆನಪಿದ್ದ ಕಾಲ. ಅದರ ನಾಯಕರಲ್ಲಿ ಅನೇಕರಿಗೆ ರಾಜನೇ ಬೇಡವಾಗಿತ್ತು. ಹೋಕನ್ ಆ ಪಕ್ಷದ ಕ್ರಿಸ್ಟೋಫರ್ ಹಾರ್ನ್ಸ್‌ರೂಡ್ ಅವರನ್ನು ಸರ್ಕಾರ ರಚಿಸಲು ಕರೆದರು. ಸುತ್ತಲಿದ್ದವರು ಬೆಚ್ಚಿದಾಗ ಅವರು ಹೇಳಿದ ಮಾತು ನಾರ್ವೆಯಲ್ಲಿ ಎಲ್ಲರಿಗೂ ಗೊತ್ತು: ನಾನು ಕಮ್ಯುನಿಸ್ಟರಿಗೂ ರಾಜ. ಆ ಸರ್ಕಾರ 18 ದಿನ ಮಾತ್ರ ಇತ್ತು. ಸಂಸತ್ತೇ ಅದನ್ನು ಬೀಳಿಸಿತು, ಅದು ಸಂಸತ್ತಿನ ಕೆಲಸ. ಆದರೆ ಗಣರಾಜ್ಯ ಬೇಕೆನ್ನುವ ಪಕ್ಷಕ್ಕೂ ಅರಮನೆಯ ಬಾಗಿಲು ಮುಚ್ಚಿಲ್ಲ ಎಂದು ಅವತ್ತೇ ಸ್ಪಷ್ಟವಾಯಿತು. ಹನ್ನೆರಡು ವರ್ಷದ ನಂತರ ಇದೇ ಪಕ್ಷದ ಮಂತ್ರಿಗಳು ಇದೇ ರಾಜರ ಎದುರು ಕೂತು ದೇಶದ ಹಣೆಬರಹ ತೀರ್ಮಾನಿಸುವ ಸಂದರ್ಭ ಬಂತು.

1940ರ ಏಪ್ರಿಲ್ 9ರ ನಸುಕು. ಜರ್ಮನಿಯ ಯುದ್ಧನೌಕೆಗಳು ಓಸ್ಲೋ ಕಡೆಗೆ ಬರುತ್ತಿವೆ. ದ್ರೋಬಾಕ್ ಹತ್ತಿರದ ಆಸ್ಕರ್ಸ್‌ಬೋರ್ಗ್ ಎಂಬ ಹಳೆಯ ಕೋಟೆಯಿಂದ ಹಾರಿಸಿದ ಗುಂಡು ಮತ್ತು ಟಾರ್ಪಿಡೋಗಳಿಗೆ ಮುಂದಿದ್ದ ಬ್ಲೂಶರ್ ನೌಕೆ ಮುಳುಗಿತು. ಇದರಿಂದ ಕೆಲವು ಗಂಟೆ ಸಿಕ್ಕವು. ಆ ಗಂಟೆಗಳಲ್ಲಿ ರಾಜ, ಮಂತ್ರಿಗಳು, ಸಂಸತ್ತಿನ ಸದಸ್ಯರು ರೈಲು ಹತ್ತಿ ಹಾಮರ್‌ಗೆ ಹೋದರು, ಅಲ್ಲಿಂದ ಎಲ್ವೆರುಮ್‌ಗೆ. ಅವತ್ತು ಸಂಜೆ ನಾಜಿ ಪರ ಪಕ್ಷವೊಂದರ ನಾಯಕ ವಿದ್ಕುನ್ ಕ್ವಿಸ್ಲಿಂಗ್ ರೇಡಿಯೋದಲ್ಲಿ ತಾನೇ ಪ್ರಧಾನಿ ಎಂದು ಘೋಷಿಸಿಕೊಂಡ. ಅವನ ಪಕ್ಷಕ್ಕೆ ಸಂಸತ್ತಿನಲ್ಲಿ ಒಂದು ಸ್ಥಾನವೂ ಇರಲಿಲ್ಲ.

ಮರುದಿನ ಜರ್ಮನಿಯ ರಾಯಭಾರಿ ಕುರ್ಟ್ ಬ್ರಾಯರ್ ಎಲ್ವೆರುಮ್‌ಗೆ ಬಂದು ರಾಜರನ್ನು ಕಂಡ. ಬೇಡಿಕೆ ಒಂದೇ, ಕ್ವಿಸ್ಲಿಂಗ್‌ನನ್ನು ಪ್ರಧಾನಿಯಾಗಿ ನೇಮಿಸಿ. ಜರ್ಮನಿಗೆ ಈ ನೇಮಕ ಯಾಕೆ ಬೇಕಿತ್ತು ಎನ್ನುವುದನ್ನು ಗಮನಿಸಿ. ಸೈನ್ಯ ಅವರದು, ರಾಜಧಾನಿ ಅವರ ಕೈಯಲ್ಲಿದೆ, ವಿಮಾನಗಳು ಅವರವು. ಆದರೂ ಬೇಕಾಗಿದ್ದು ಒಂದು ಸಹಿ. ಇವತ್ತು ಅಲಂಕಾರಕ್ಕೆ ಎಂದು ನಾವು ತಿಳಿದಿರುವ, ಶುಕ್ರವಾರದ ಸಭೆಯ ಅದೇ ಸಹಿ. ಅದೊಂದು ಬಿದ್ದಿದ್ದರೆ ಅಧಿಕಾರಿಗಳು, ನ್ಯಾಯಾಧೀಶರು, ಸೈನಿಕರು ಎಲ್ಲರೂ ಕ್ವಿಸ್ಲಿಂಗ್‌ನ ಆದೇಶವನ್ನು ದೇಶದ ಕಾನೂನಾಗಿ ಪಾಲಿಸಬೇಕಾಗುತ್ತಿತ್ತು.

ರಾಜ ಬ್ರಾಯರ್‌ಗೆ ಅಲ್ಲೇ ಉತ್ತರ ಕೊಡಲಿಲ್ಲ. ಸಂವಿಧಾನದ ಪ್ರಕಾರ ಮಂತ್ರಿಗಳನ್ನು ಕೇಳದೆ ತಾನು ಹೇಳುವ ಹಾಗಿಲ್ಲ ಎಂದರು. ಅಲ್ಲಿಂದ ನೀಬರ್ಗ್‌ಸುಂಡ್ ಎಂಬ ಸಣ್ಣ ಹಳ್ಳಿಗೆ ಹೋಗಿ ಮಂತ್ರಿಗಳ ಸಭೆಯಲ್ಲಿ ಕೂತರು. ಪ್ರಧಾನಿ ಲೇಬರ್ ಪಕ್ಷದ ಯೋಹಾನ್ ನೀಗೋರ್ಸ್‌ವೋಲ್ಡ್. ಹೋಕನ್ ಹೇಳಿದ್ದರ ಸಾರ ಇಷ್ಟು. ಬೇಡಿಕೆ ಒಪ್ಪದಿದ್ದರೆ ಜನರ ಮೇಲೆ ಬರುವ ಕಷ್ಟದ ಭಾರ ತಮ್ಮ ಮನಸ್ಸಿನ ಮೇಲಿದೆ. ತೀರ್ಮಾನ ಸರ್ಕಾರದ್ದು, ಅದರ ಮೇಲೆ ಪ್ರಭಾವ ಬೀರಲು ತಮಗೆ ಇಷ್ಟವಿಲ್ಲ. ಆದರೆ ಜನರ ವಿಶ್ವಾಸವಾಗಲಿ ಸಂಸತ್ತಿನ ವಿಶ್ವಾಸವಾಗಲಿ ಇಲ್ಲದ ಮನುಷ್ಯನನ್ನು ತಮ್ಮ ಕೈಯಿಂದ ನೇಮಿಸಲು ಆಗುವುದಿಲ್ಲ. ಸರ್ಕಾರ ಒಪ್ಪುವುದಾದರೆ ಒಪ್ಪಲಿ, ಆಗ ತಾವು ತಮ್ಮ ಮನೆತನದ ಪರವಾಗಿಯೂ ಸೇರಿ ಸಿಂಹಾಸನ ಬಿಡುತ್ತೇವೆ.

ಈ ಮಾತಿನ ಕಟ್ಟನ್ನು ನೋಡಿ. ನಾನು ಹೇಳುತ್ತೇನೆ, ನೀವು ಕೇಳಿ ಎಂದು ಅವರು ಹೇಳಲಿಲ್ಲ. ನೀವು ಹೇಳಿ, ನಾನು ಸಹಿ ಹಾಕುತ್ತೇನೆ ಎಂದೂ ಹೇಳಲಿಲ್ಲ. ತೀರ್ಮಾನ ನಿಮ್ಮದು, ಆದರೆ ಅದಕ್ಕೆ ನನ್ನ ಕೈ ಬೇಕೆಂದರೆ ಅದು ಸಿಗುವುದಿಲ್ಲ, ಆ ಕೈಗೆ ಅಧಿಕಾರ ಕೊಟ್ಟ ಕುರ್ಚಿಯನ್ನೇ ಬಿಟ್ಟು ಹೋಗುತ್ತೇನೆ. ಸಂವಿಧಾನಬದ್ಧ ರಾಜನಿಗೆ ನಿಜವಾಗಿ ಇರುವ ಅಧಿಕಾರ ಇದೊಂದೇ ಎಂದು ನನಗನಿಸುತ್ತದೆ. ಬೇರೆಯವರ ತೀರ್ಮಾನ ತಡೆಯುವ ಹಕ್ಕು ಅವನಿಗಿಲ್ಲ. ತನ್ನ ಜಾಗವನ್ನೇ ಪಣಕ್ಕಿಟ್ಟು, ಜೀವನದಲ್ಲಿ ಒಂದು ಸಲ, ಇಲ್ಲ ಎನ್ನಬಹುದು. ಒಮ್ಮೆ ಬಳಸಿದರೆ ಮುಗಿಯಿತು. ಅದಕ್ಕೇ ಅದನ್ನು ಸಣ್ಣ ವಿಷಯಕ್ಕೆ ಖರ್ಚು ಮಾಡುವ ಹಾಗಿಲ್ಲ.

ಸರ್ಕಾರ ಒಮ್ಮತದಿಂದ ಬೇಡಿಕೆ ತಳ್ಳಿತು. ಏಪ್ರಿಲ್ 11ರಂದು ಜರ್ಮನ್ ವಿಮಾನಗಳು ನೀಬರ್ಗ್‌ಸುಂಡ್ ಮೇಲೆ ಬಾಂಬ್ ಹಾಕಿದವು, ರಾಜ ಮತ್ತು ಯುವರಾಜ ಓಲಾವ್ ಹಿಮ ತುಂಬಿದ ಕಾಡಿಗೆ ಓಡಿ ಉಳಿದುಕೊಂಡರು. ಆಮೇಲೆ ಎರಡು ತಿಂಗಳು ಉತ್ತರಕ್ಕೆ, ಇನ್ನೂ ಉತ್ತರಕ್ಕೆ. ಜೂನ್ 7ರಂದು ಟ್ರೋಮ್ಸೋದಿಂದ ಬ್ರಿಟಿಷ್ ಹಡಗು ಹತ್ತಿ ಲಂಡನ್ ದಾರಿ ಹಿಡಿದರು. ಆ ಬೇಸಿಗೆಯಲ್ಲೇ ಓಸ್ಲೋದಲ್ಲಿ ಉಳಿದಿದ್ದ ಸಂಸತ್ತಿನ ಮುಖ್ಯಸ್ಥರು ಜರ್ಮನ್ನರ ಒತ್ತಡದಲ್ಲಿ ಸಿಂಹಾಸನ ಬಿಡಿ ಎಂದು ಪತ್ರ ಬರೆದರು. ಇಲ್ಲಿ ಅವರು ಬಿಡಲಿಲ್ಲ. ಸಂಸತ್ತಿನ ಮುಖ್ಯಸ್ಥರ ಈ ಕೋರಿಕೆ ಸ್ವತಂತ್ರವಾಗಿ ಬಂದದ್ದಲ್ಲ ಎಂದು ಉತ್ತರಿಸಿದರು, ಅದನ್ನು ಬಿಬಿಸಿ ರೇಡಿಯೋ ಪ್ರಸಾರ ಮಾಡಿತು. ನಂತರದ ಐದು ವರ್ಷ ಎಚ್ ಅಕ್ಷರದ ಜೊತೆ ಏಳರ ಅಂಕಿ ಹೆಣೆದ ಅವರ ಗುರುತನ್ನು ಜನ ಗೋಡೆ ಮೇಲೆ, ಹಿಮದ ಮೇಲೆ ಬರೆಯುತ್ತಿದ್ದರು. 1945ರ ಜೂನ್ 7ರಂದು ಹೋಕನ್ ಓಸ್ಲೋಗೆ ವಾಪಸ್ ಬಂದರು.

ಇದನ್ನೇ ಓದಿ ನಿಲ್ಲಿಸಿದರೆ ರಾಜಭಕ್ತಿಯ ಕಥೆಯಾಗುತ್ತದೆ. ಅದೇ ವಸಂತದಲ್ಲಿ ಬೆಲ್ಜಿಯಂನಲ್ಲಿ ನಡೆದದ್ದನ್ನೂ ಓದಬೇಕು.

ಬೆಲ್ಜಿಯಂನ ರಾಜ ಮೂರನೇ ಲಿಯೋಪೋಲ್ಡ್. ಜರ್ಮನಿ ನುಗ್ಗಿದ್ದು ಮೇ 10ರಂದು. ಸಂವಿಧಾನ ರಾಜನನ್ನು ಸೇನೆಯ ದಂಡನಾಯಕ ಎಂದು ಕರೆಯುತ್ತದೆ, ಲಿಯೋಪೋಲ್ಡ್ ಅದನ್ನು ಅಕ್ಷರಶಃ ತೆಗೆದುಕೊಂಡು ತಾವೇ ಸೇನೆ ನಡೆಸಿದರು. ಎರಡು ವಾರದಲ್ಲಿ ಸೋಲು ಖಚಿತವಾಯಿತು. ಮೇ 25ರಂದು ವೈನೆಂಡಾಲ ಕೋಟೆಯಲ್ಲಿ ಪ್ರಧಾನಿ ಪಿಯೆರ್ಲೋ ಮತ್ತು ಮೂವರು ಮಂತ್ರಿಗಳು ರಾಜರನ್ನು ಬೇಡಿಕೊಂಡರು: ನಮ್ಮ ಜೊತೆ ಬನ್ನಿ, ಹೊರದೇಶದಿಂದ ಹೋರಾಟ ಮುಂದುವರಿಸೋಣ. ರಾಜ ಬರುವುದಿಲ್ಲ ಎಂದರು. ತಮ್ಮ ಸೈನಿಕರಿಗೆ ಏನಾಗುತ್ತದೋ ತಮಗೂ ಅದೇ ಆಗಲಿ ಎಂದರು. ಮೇ 28ರಂದು ಶರಣಾದರು.

ಒಬ್ಬ ಮನುಷ್ಯನಾಗಿ ನೋಡಿದರೆ ಇದರಲ್ಲಿ ಹೇಡಿತನ ಇಲ್ಲ. ಓಡಿಹೋಗುವ ದಾರಿ ಇದ್ದರೂ ಸೈನಿಕರ ಜೊತೆ ಸೆರೆಯಾಗುತ್ತೇನೆ ಎನ್ನುವವರನ್ನು ಹೇಡಿ ಅನ್ನೋಕೆ ಆಗಲ್ಲ. ಹೋಕನ್ ಅವರ ಅಣ್ಣ, ಡೆನ್ಮಾರ್ಕಿನ ರಾಜ ಹತ್ತನೇ ಕ್ರಿಸ್ಟಿಯನ್ ಕೂಡ ದೇಶದಲ್ಲೇ ಉಳಿದಿದ್ದರು, ದಿನವೂ ಕುದುರೆ ಏರಿ ಕೋಪನ್‌ಹೇಗನ್ ಬೀದಿಗಳಲ್ಲಿ ಓಡಾಡುತ್ತಿದ್ದರು, ಜನರ ಪ್ರೀತಿಯನ್ನೂ ಗಳಿಸಿದರು. ಆದ್ದರಿಂದ ಉಳಿದದ್ದೇ ತಪ್ಪು ಎನ್ನಲು ಆಗುವುದಿಲ್ಲ. ಕ್ರಿಸ್ಟಿಯನ್ ಜೊತೆ ಅವರ ಸರ್ಕಾರವೂ ಉಳಿದಿತ್ತು. ಲಿಯೋಪೋಲ್ಡ್ ಮಾತ್ರ ತಮ್ಮ ಸರ್ಕಾರ ಒಂದು ದಾರಿ ಹೇಳುತ್ತಿರುವಾಗ ಇನ್ನೊಂದು ದಾರಿ ಹಿಡಿದರು. ಮಂತ್ರಿಗಳ ಮಾತು ಬೇಡ, ಕುರ್ಚಿ ಬೇಕು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ.

ಸರ್ಕಾರ ಮೊದಲು ಫ್ರಾನ್ಸಿಗೆ, ಅಲ್ಲಿಂದ ಲಂಡನ್‌ಗೆ ಹೋಯಿತು. ರಾಜ ಶತ್ರುವಿನ ವಶದಲ್ಲಿರುವುದರಿಂದ ಆಳುವ ಸ್ಥಿತಿಯಲ್ಲಿಲ್ಲ ಎಂದು ಘೋಷಿಸಿತು. ಲಿಯೋಪೋಲ್ಡ್ ಬ್ರಸೆಲ್ಸ್ ಹತ್ತಿರದ ಲಾಕನ್ ಅರಮನೆಯಲ್ಲಿ ಜರ್ಮನ್ನರ ಕಾವಲಲ್ಲಿ ಇದ್ದರು. 1940ರ ನವೆಂಬರ್‌ನಲ್ಲಿ ಹಿಟ್ಲರ್‌ನನ್ನು ಭೇಟಿ ಮಾಡಿದರು. 1941ರಲ್ಲಿ ಮರುಮದುವೆಯಾದರು, ಯುದ್ಧ ಕೈದಿಗಳಾಗಿದ್ದ ಸಾವಿರಾರು ಬೆಲ್ಜಿಯನ್ ಸೈನಿಕರ ಮನೆಗಳಲ್ಲಿ ಇದು ಹೇಗೆ ಕೇಳಿಸಿರಬೇಕು ಯೋಚಿಸಿ. 1944ರಲ್ಲಿ ಜರ್ಮನ್ನರು ಅವರನ್ನು ತಮ್ಮ ದೇಶಕ್ಕೆ ಸಾಗಿಸಿದರು. ಹೋಗುವ ಮುಂಚೆ ಅವರು ಬರೆದಿಟ್ಟಿದ್ದ ಒಂದು ಟಿಪ್ಪಣಿಯಲ್ಲಿ, 1940ರಲ್ಲಿ ತಮ್ಮನ್ನು ದೂಷಿಸಿದ ಮಂತ್ರಿಗಳು ಬಹಿರಂಗವಾಗಿ ತಪ್ಪೊಪ್ಪಿಕೊಳ್ಳಬೇಕು ಎಂದಿತ್ತು. ಅಲ್ಲಿಗೆ ರಾಜಿಯ ದಾರಿಯೂ ಮುಚ್ಚಿತು.

ಯುದ್ಧ ಮುಗಿದರೂ ಅವರು ವಾಪಸ್ ಬರಲು ಆಗಲಿಲ್ಲ. ತಮ್ಮ ಶಾರ್ಲ್ ರಾಜಪ್ರತಿನಿಧಿಯಾಗಿ ದೇಶ ನೋಡಿಕೊಂಡರು. ಕೊನೆಗೆ 1950ರ ಮಾರ್ಚ್ 12ರಂದು ಜನರನ್ನೇ ಕೇಳಿದರು. ಶೇಕಡಾ 57.68 ಜನ ರಾಜ ಬರಲಿ ಎಂದರು. ಗೆಲುವು ತಾನೇ? ಒಡೆದು ನೋಡಿದರೆ ಬೇರೆ ಕಥೆ. ಡಚ್ ಮಾತಾಡುವ ಫ್ಲಾಂಡರ್ಸ್‌ನಲ್ಲಿ ಶೇಕಡಾ 72 ಜನ ಹೌದು ಎಂದಿದ್ದರು. ಫ್ರೆಂಚ್ ಮಾತಾಡುವ ವಲೋನಿಯಾದಲ್ಲಿ ಶೇಕಡಾ 42 ಮಾತ್ರ. ಬ್ರಸೆಲ್ಸ್‌ನಲ್ಲೂ ಅರ್ಧಕ್ಕಿಂತ ಕಡಿಮೆ. ಜುಲೈನಲ್ಲಿ ರಾಜ ಬಂದಿಳಿದ ಕೂಡಲೇ ವಲೋನಿಯಾದ ಗಣಿ, ಕಾರ್ಖಾನೆಗಳಲ್ಲಿ ಮುಷ್ಕರ ಹಬ್ಬಿತು. ಜುಲೈ 30ರಂದು ಲಿಯೇಜ್ ಹತ್ತಿರದ ಗ್ರಾಸ್-ಬೆರ್ಲೇರ್ ಎಂಬಲ್ಲಿ ಪೊಲೀಸರ ಗುಂಡಿಗೆ ನಾಲ್ವರು ಸತ್ತರು. ಒಂದೆರಡು ದಿನದಲ್ಲೇ ಲಿಯೋಪೋಲ್ಡ್ ಅಧಿಕಾರವನ್ನು ಮಗ ಬೋದ್ವಾಂ ಅವರಿಗೆ ಬಿಟ್ಟುಕೊಡಲು ಒಪ್ಪಿದರು, 1951ರ ಜುಲೈ 16ರಂದು ವಿಧಿವತ್ತಾಗಿ ಸಿಂಹಾಸನ ತ್ಯಜಿಸಿದರು.

ಹೋಕನ್ 1905ರಲ್ಲಿ ಕೇಳಿದ್ದೂ ಮತದಾನ, ಲಿಯೋಪೋಲ್ಡ್ 1950ರಲ್ಲಿ ಗೆದ್ದದ್ದೂ ಮತದಾನ. ಒಂದು ರಾಜನನ್ನು ಗಟ್ಟಿ ಮಾಡಿತು, ಇನ್ನೊಂದು ಇಳಿಸಿತು. ನನ್ನ ಪ್ರಕಾರ ಕಾರಣ ಇದು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮತ ಬಂದರೆ ಪ್ರಧಾನಿಗೆ ಸಾಕು, ಅವರು ಒಂದು ಪಕ್ಷದವರು, ಮುಂದಿನ ಸಲ ಸೋಲಬಹುದು. ರಾಜನಿಗೆ ಸಾಕಾಗುವುದಿಲ್ಲ. ದೇಶದ ಒಂದು ಭಾಗಕ್ಕೆ ಅವನು ಎದುರು ಪಕ್ಷವಾಗಿ ಕಂಡ ದಿನವೇ ಅವನ ಕೆಲಸ ಮುಗಿಯಿತು, ಗೆದ್ದಿದ್ದರೂ ಸರಿ. ಲಿಯೋಪೋಲ್ಡ್ ತಮಗೇ ಗೊತ್ತಿಲ್ಲದೆ ಒಬ್ಬ ರಾಜಕಾರಣಿಯಾಗಿಬಿಟ್ಟಿದ್ದರು.

ಅದೇ ಮನೆಯ ಮಗ ಬೋದ್ವಾಂ 1990ರಲ್ಲಿ ಇನ್ನೊಂದು ದಾರಿ ಹಿಡಿದರು. ಗರ್ಭಪಾತವನ್ನು ಕೆಲವು ಷರತ್ತಿನ ಮೇಲೆ ಒಪ್ಪುವ ಕಾನೂನನ್ನು ಸಂಸತ್ತು ಪಾಸು ಮಾಡಿತ್ತು. ಅವರು ಆಳವಾದ ಕ್ಯಾಥೊಲಿಕ್ ನಂಬಿಕೆಯವರು, ಮಕ್ಕಳಿಲ್ಲದ ದಂಪತಿ. ನನ್ನ ಮನಸ್ಸಾಕ್ಷಿ ಸಹಿ ಹಾಕಲು ಬಿಡುತ್ತಿಲ್ಲ ಎಂದು ಪ್ರಧಾನಿ ವಿಲ್‌ಫ್ರೀಡ್ ಮಾರ್ಟೆನ್ಸ್ ಅವರಿಗೆ ಪತ್ರ ಬರೆದರು, ಆದರೆ ನನ್ನಿಂದ ಪ್ರಜಾಪ್ರಭುತ್ವ ನಿಲ್ಲಬಾರದು, ಏನಾದರೂ ದಾರಿ ಹುಡುಕಿ ಎಂದೂ ಬರೆದರು. ಸರ್ಕಾರ ಹುಡುಕಿದ ದಾರಿ ಅವರ ತಂದೆಯ ಮೇಲೆ ಪ್ರಯೋಗಿಸಿದ್ದೇ: ರಾಜ ಆಳುವ ಸ್ಥಿತಿಯಲ್ಲಿಲ್ಲ ಎನ್ನುವ ಕಲಂ. ಏಪ್ರಿಲ್ ಮೊದಲ ವಾರದಲ್ಲಿ ಸುಮಾರು ಒಂದೂವರೆ ದಿನ ಬೆಲ್ಜಿಯಂಗೆ ರಾಜ ಇರಲಿಲ್ಲ. ಮಂತ್ರಿಗಳೇ ಸೇರಿ ಕಾನೂನಿಗೆ ಸಹಿ ಹಾಕಿದರು, ಆಮೇಲೆ ಸಂಸತ್ತು ಅವರನ್ನು ಮತ್ತೆ ಕೂರಿಸಿತು. ನಾನು ಆ ಕಾನೂನಿನ ಪರ. ಬೋದ್ವಾಂ ಅವರ ನಿಲುವು ನನ್ನದಲ್ಲ. ಆದರೂ ಅವರು ಕಾನೂನನ್ನು ತಡೆಯಲಿಲ್ಲ, ತಾವು ಪಕ್ಕಕ್ಕೆ ಸರಿದರು ಎನ್ನುವುದಕ್ಕೆ ಗೌರವ ಇದೆ. ಇದು ಇನ್ನೊಮ್ಮೆ ನಡೆಯುವಂಥದ್ದಲ್ಲ, ಪ್ರತಿ ಕಾನೂನಿಗೂ ರಾಜ ರಜೆ ಹಾಕುತ್ತಾ ಕೂತರೆ ಜನ ಯಾಕೆ ಸುಮ್ಮನಿರುತ್ತಾರೆ?

ಲಕ್ಸೆಂಬರ್ಗಿನಲ್ಲಿ ಸುಮ್ಮನಿರಲಿಲ್ಲ. 2008ರಲ್ಲಿ ಅಲ್ಲಿನ ಗ್ರಾಂಡ್ ಡ್ಯೂಕ್ ಹೆನ್ರಿ ದಯಾಮರಣದ ಕಾನೂನಿಗೆ ಒಪ್ಪಿಗೆ ಕೊಡುವುದಿಲ್ಲ ಎಂದರು, ಸಂಸತ್ತು ಸಂವಿಧಾನ ತಿದ್ದಿ ಒಪ್ಪಿಗೆ ಕೊಡುವ ಅಧಿಕಾರವನ್ನೇ ತೆಗೆದುಹಾಕಿತು. ಸ್ವೀಡನ್ ಇನ್ನೂ ಮುಂಚೆಯೇ, 1974ರ ಹೊಸ ಸಂವಿಧಾನದಲ್ಲಿ, ರಾಜನ ಕೈಯಿಂದ ಎಲ್ಲವನ್ನೂ ಬಿಡಿಸಿಕೊಂಡಿತು. ಅಲ್ಲಿ ಪ್ರಧಾನಿಯ ಹೆಸರು ಸೂಚಿಸುವುದು ಸಂಸತ್ತಿನ ಸ್ಪೀಕರ್, ಕಾನೂನಿಗೆ ರಾಜನ ಸಹಿಯೇ ಬೇಕಿಲ್ಲ.

ಹಾಗಾದರೆ ಸ್ವೀಡನ್ ಮಾದರಿಯೇ ಸರಿ ಅಲ್ವಾ, ಸಹಿಯೇ ಇಲ್ಲದಿದ್ದರೆ ಜಗಳವೇ ಇಲ್ಲ? ತುಂಬ ಜನ ಹೀಗೆ ಹೇಳುತ್ತಾರೆ, ವಾದಕ್ಕೆ ತೂಕವೂ ಇದೆ. ನನಗೆ ಮಾತ್ರ ನಾರ್ವೆಯ ಆ ಶುಕ್ರವಾರದ ಸಹಿ ಇರಲಿ ಅನಿಸುತ್ತದೆ. ಸಹಿ ಇದ್ದದ್ದರಿಂದಲೇ 1940ರಲ್ಲಿ ಅದನ್ನು ಕೊಡದೆ ಇರಲು ಸಾಧ್ಯವಾಯಿತು. ಆ ಒಂದು ದಿನಕ್ಕಾಗಿ ಉಳಿದ ನೂರು ವರ್ಷ ಸುಮ್ನೆ ಸಹಿ ಹಾಕುತ್ತಾ ಕೂರುವುದು ದಂಡ ಎನ್ನಲಾರೆ.

ನಮಗೆ ಇದು ದೂರದ ವಿಷಯವೇನಲ್ಲ. ನಮ್ಮ ಸಂವಿಧಾನದ ಕರಡನ್ನು 1948ರ ನವೆಂಬರ್ 4ರಂದು ಸಭೆಯ ಮುಂದಿಡುವಾಗ ಅಂಬೇಡ್ಕರ್ ಅವರು ರಾಷ್ಟ್ರಪತಿಯ ಸ್ಥಾನವನ್ನು ಇಂಗ್ಲೆಂಡಿನ ರಾಜನ ಸ್ಥಾನಕ್ಕೇ ಹೋಲಿಸಿದ್ದರು, ದೇಶವನ್ನು ಪ್ರತಿನಿಧಿಸುತ್ತಾರೆ, ಆಳುವುದಿಲ್ಲ ಎಂದು. ರಾಜ್ಯಪಾಲರದೂ ಅದೇ ಅಚ್ಚು. ಆ ಸಹಿ ಕೆಟ್ಟದಾಗಿ ಬಳಕೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ದೇಶಕ್ಕೇ ಪಾಠವಾದದ್ದು ಕರ್ನಾಟಕದ ಪ್ರಕರಣ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರಿಗೆ ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವಕಾಶವೇ ಸಿಗಲಿಲ್ಲ, ರಾಜಭವನದ ವರದಿಯ ಮೇಲೆ ಸರ್ಕಾರ ಹೋಯಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಹೇಳಿತು, ಬಹುಮತ ಇದೆಯೋ ಇಲ್ಲವೋ ಎನ್ನುವುದನ್ನು ಸದನದಲ್ಲೇ ನೋಡಬೇಕು ಎಂದು. ಹೋಕನ್ ಅವರು ಕ್ವಿಸ್ಲಿಂಗ್‌ಗೆ ಸಂಸತ್ತಿನ ವಿಶ್ವಾಸ ಇಲ್ಲ ಎಂದು ಹೇಳಿದ್ದೂ ಇದೇ ತತ್ವ. ನಮ್ಮಲ್ಲಿ ಆ ಕುರ್ಚಿಗೆ ಬರುವವರು ಕೇಂದ್ರ ಸರ್ಕಾರ ಆರಿಸಿದವರು, ಅದು ಇಷ್ಟಪಡುವ ತನಕ ಇರುವವರು. ನಾರ್ವೆಯ ರಾಜರಿಗೆ ಯಾವ ಪಕ್ಷದ ಋಣವೂ ಇಲ್ಲ. ಇದಕ್ಕಾಗಿ ನಮಗೂ ರಾಜ ಬೇಕು ಎಂದು ನಾನು ಖಂಡಿತ ಹೇಳುತ್ತಿಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರು ರಾಜಪ್ರಮುಖರಾಗಿ, ಮುಂದೆ ರಾಜ್ಯಪಾಲರಾಗಿ ಕೆಲಸ ಮಾಡಿದ್ದನ್ನು ಕಂಡ ನಾಡು ನಮ್ಮದು, ಆ ಅಧ್ಯಾಯ ಮರ್ಯಾದೆಯಿಂದ ಮುಗಿದಿದೆ. ಆದರೆ ಪಕ್ಷದ ಋಣವಿಲ್ಲದ ಒಂದು ಸಹಿಯನ್ನು ಹೇಗೆ ಪಡೆಯುವುದು ಎನ್ನುವ ಪ್ರಶ್ನೆ ನಮಗೂ ಇದೆ, ನಾವಿನ್ನೂ ಅದಕ್ಕೆ ಸರಿಯಾದ ಉತ್ತರ ಕಂಡುಕೊಂಡಿಲ್ಲ.

ನಾರ್ವೆಯಲ್ಲಿ ಹೋಕನ್ ನಂತರ ಬಂದವರೂ ಆ ಅಳತೆಯೊಳಗೇ ನಡೆದರು. 1973ರ ತೈಲ ಬಿಕ್ಕಟ್ಟಿನಲ್ಲಿ ವಾರಾಂತ್ಯ ಕಾರು ಓಡಿಸಬಾರದು ಎಂದು ಸರ್ಕಾರ ಹೇಳಿತು. ರಾಜ ಓಲಾವ್ ಹಿಮದಲ್ಲಿ ಜಾರಲು ಹೋಗಬೇಕಿತ್ತು, ಸ್ಕೀ ಹಿಡಿದುಕೊಂಡು ಊರಿನ ರೈಲು ಹತ್ತಿದರು, ಟಿಕೆಟ್‌ಗೆ ದುಡ್ಡು ಮುಂದೆ ಚಾಚಿರುವ ಅವರ ಫೋಟೋ ಇವತ್ತಿಗೂ ಎಲ್ಲೆಡೆ ಕಾಣುತ್ತದೆ. 1991ರ ಜನವರಿಯಲ್ಲಿ ಅವರು ತೀರಿಕೊಂಡಾಗ ಅರಮನೆ ಮುಂದಿನ ಹಿಮದಲ್ಲಿ ಜನ ಸಾವಿರಾರು ಮೇಣದ ಬತ್ತಿ ಹಚ್ಚಿಟ್ಟರು. ಮಗ ಹರಾಲ್ಡ್ ಬಟ್ಟೆ ವ್ಯಾಪಾರಿಯ ಮಗಳು ಸೋನ್ಯಾ ಅವರನ್ನು ಮದುವೆಯಾಗಲು ಒಂಬತ್ತು ವರ್ಷ ಕಾದಿದ್ದರು, ಇಲ್ಲದಿದ್ದರೆ ಮದುವೆಯೇ ಬೇಡ ಎಂದಿದ್ದರು. ಓಲಾವ್ ಸರ್ಕಾರ ಮತ್ತು ಸಂಸತ್ತಿನ ನಾಯಕರನ್ನು ಕೇಳಿಯೇ ಒಪ್ಪಿದರು, 1968ರಲ್ಲಿ ಮದುವೆಯಾಯಿತು.

ಹರಾಲ್ಡ್ 2016ರ ಸೆಪ್ಟೆಂಬರ್ 1ರಂದು ಅರಮನೆಯ ತೋಟದಲ್ಲಿ ಮಾಡಿದ ಭಾಷಣ ನನಗೆ ಬಹಳ ಇಷ್ಟ. ನಾರ್ವೆಯವರು ಅಂದರೆ ಯಾರು ಎಂದು ಹೇಳುತ್ತಾ ಹೋದರು. ಉತ್ತರದವರು, ದಕ್ಷಿಣದವರು, ಅಫ್ಘಾನಿಸ್ತಾನ, ಪಾಕಿಸ್ತಾನ, ಪೋಲೆಂಡ್, ಸೊಮಾಲಿಯಾ, ಸಿರಿಯಾದಿಂದ ಬಂದವರು, ನನ್ನ ಅಜ್ಜ ಅಜ್ಜಿಯೇ 110 ವರ್ಷದ ಹಿಂದೆ ಡೆನ್ಮಾರ್ಕ್ ಮತ್ತು ಇಂಗ್ಲೆಂಡಿನಿಂದ ವಲಸೆ ಬಂದವರು ಎಂದರು. ಹುಡುಗಿಯರನ್ನು ಪ್ರೀತಿಸುವ ಹುಡುಗಿಯರು, ಹುಡುಗರನ್ನು ಪ್ರೀತಿಸುವ ಹುಡುಗರು, ದೇವರನ್ನು ನಂಬುವವರು, ಅಲ್ಲಾನನ್ನು ನಂಬುವವರು, ಎಲ್ಲವನ್ನೂ ನಂಬುವವರು, ಏನನ್ನೂ ನಂಬದವರು. ಯಾವ ನೀತಿಯ ಪರವೂ ಮಾತಾಡಲಿಲ್ಲ. ಇದೇ ಮಾತನ್ನು ಒಬ್ಬ ಪ್ರಧಾನಿ ಆಡಿದ್ದರೆ ಮರುದಿನ ವಿರೋಧ ಪಕ್ಷ ಉತ್ತರ ಕೊಡಬೇಕಾಗುತ್ತಿತ್ತು.

ಇದೆಲ್ಲದರ ನಡುವೆ ಸಂಸತ್ತಿನಲ್ಲಿ ಗಣರಾಜ್ಯದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ದೊಡ್ಡ ಅಂತರದಲ್ಲಿ ಬೀಳುತ್ತದೆ. ಇದರಿಂದ ಯಾರಿಗೂ ಮುಜುಗರ ಇಲ್ಲ. ಗಣರಾಜ್ಯ ಬೇಕೆನ್ನುವ ಎಡ ಸಮಾಜವಾದಿ ಪಕ್ಷ 2005ರಿಂದ 2013ರವರೆಗೆ ಸರ್ಕಾರದಲ್ಲಿತ್ತು, ಅದರ ಮಂತ್ರಿಗಳೂ ಶುಕ್ರವಾರ ರಾಜರ ಜೊತೆ ಕೂರುತ್ತಿದ್ದರು. ಮತ ಹಾಕಿ ಬಂದ ರಾಜತ್ವವನ್ನು ಮತ ಹಾಕಿ ಕಳಿಸುವ ದಾರಿಯೂ ತೆರೆದೇ ಇದೆ. ಅದು ತೆರೆದಿರುವ ತನಕ ನನಗೆ ಈ ವ್ಯವಸ್ಥೆಯ ಬಗ್ಗೆ ದೊಡ್ಡ ತಕರಾರಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಹುಟ್ಟಿನಿಂದ ಬರುವ ಕೆಲಸ ಇದು, ಹೋಕನ್ ಬರಬಹುದು, ಲಿಯೋಪೋಲ್ಡ್ ಕೂಡ ಬರಬಹುದು, ಯಾರೂ ಆರಿಸಲಾಗದು. ಅದಕ್ಕಿಂತ ಹೆಚ್ಚಾಗಿ ಆ ಮಗುವೂ ಆರಿಸಿಕೊಳ್ಳಲಾಗದು. 1990ರ ತಿದ್ದುಪಡಿಯಿಂದ ಹೆಣ್ಣು ಮಗುವಾದರೂ ಮೊದಲು ಹುಟ್ಟಿದವರಿಗೇ ಪಟ್ಟ, ಆದ್ದರಿಂದ 2004ರಲ್ಲಿ ಹುಟ್ಟಿದ ಇಂಗ್ರಿಡ್ ಅಲೆಕ್ಸಾಂಡ್ರಾ ತಮ್ಮ ತಂದೆ, ಅಂದರೆ ಹರಾಲ್ಡ್ ಅವರ ಮಗ ಯುವರಾಜ ಹೋಕನ್ ನಂತರ ರಾಣಿಯಾಗುವ ಸಾಲಿನಲ್ಲಿದ್ದಾರೆ. ಮತ ಹಾಕುವ ಹಕ್ಕು ಕಾಗದದ ಮೇಲೆ ಇದ್ದರೂ ರಾಜ ಮತ್ತು ಯುವರಾಜ ಅದನ್ನು ಬಳಸುವುದಿಲ್ಲ. ಧರ್ಮದ ವಿಷಯ ಇನ್ನೂ ಗಟ್ಟಿ. 2012ರಲ್ಲಿ ಸಂವಿಧಾನ ತಿದ್ದಿ ಚರ್ಚನ್ನು ಸರ್ಕಾರದಿಂದ ಬಹುಪಾಲು ಬೇರೆ ಮಾಡಿದರು, ಆದರೆ ರಾಜ ಲೂಥರನ್ ಧರ್ಮವನ್ನೇ ಪಾಲಿಸಬೇಕು ಎನ್ನುವ 4ನೇ ಕಲಮಿನ ಮಾತನ್ನು ಹಾಗೇ ಉಳಿಸಿದರು. ದೇಶದ ಎಲ್ಲರಿಗೂ ಇರುವ ನಂಬಿಕೆಯ ಸ್ವಾತಂತ್ರ್ಯ ಆ ಒಬ್ಬರಿಗೆ ಮಾತ್ರ ಇಲ್ಲ. ಎಲ್ಲ ನಂಬಿಕೆಯವರೂ ನಾರ್ವೆಯವರೇ ಎಂದು ಅದೇ ಕುರ್ಚಿಯಿಂದ ಹೇಳಿದ ಮೇಲೆ ಈ ಸಾಲು ಸಂವಿಧಾನದಲ್ಲಿ ಇರಬಾರದು. ಇಂಗ್ರಿಡ್ ಅವರ ಪಟ್ಟದ ಕಾಲ ಬರುವ ಮುಂಚೆ ಸ್ಟೋರ್ಟಿಂಗ್ ಅದನ್ನು ತೆಗೆಯಬೇಕು ಎಂದು ನನ್ನ ಆಸೆ.